ತಣ್ಣಗೆ ಊದಿದ ಹೀಟರ್ ಮತ್ತು ಮೂಗು ಮಿಸ್ತ್ರಿ

ಪ್ಲಗ್ಗನ್ನು ಮೂಸಿ ನೋಡುವ ಅಭ್ಯಾಸದಿಂದ ಅವನಿಗೆ ಆ ಹೆಸರು ಬಂದಿತ್ತು. ಬೆಳಿಗ್ಗೆ ಕಾರ್ಖಾನೆಗೆ ಬಂದವನು ಯಾರನ್ನೂ ಮಾತನಾಡಿಸದೆ ನೇರವಾಗಿ ಒಣಕೋಣೆಗೆ ನಡೆದು, ಗೋಡೆಯ ಸಾಕೆಟ್ಟಿನ ಬಳಿ ಮಂಡಿಯೂರಿ, ದಪ್ಪ ಪ್ಲಗ್ಗನ್ನು ಮುಖದ ಹತ್ತಿರ ಹಿಡಿದು ಕಣ್ಣು ಮುಚ್ಚುತ್ತಿದ್ದ. ಸುಟ್ಟ ವಾಸನೆಯ ಸುಳಿವು ಸಿಕ್ಕಿದರೆ ಆ ದಿನ ಹೀಟರಿಗೆ ರಜೆ. ಇಲ್ಲವಾದರೆ ಒಂದು ಸಣ್ಣ ಪ್ರಾರ್ಥನೆಯನ್ನು ತುಟಿಯಲ್ಲೇ ಮುಗಿಸಿ ಗುಂಡಿ ತಿರುಗಿಸುವನು.

"ಹೂವು ಮೂಸೋ ವಯಸ್ಸಲ್ಲೇ ಪ್ಲಗ್ ಮೂಸ್ತಿದ್ದ. ಈಗ ಬಿಡ್ತಾನಾ?" ಎಂದು ಅವನ ಭಾವ ಎಲ್ಲರೆದುರು ನಗೆಯಾಡುತ್ತಿದ್ದ. ಅಕ್ಕನ ಗಂಡನಾದ ಈ ಭಾವ ಅದೇ ಕಾರ್ಖಾನೆಯಲ್ಲಿ ಅಚ್ಚು ಹೊಯ್ಯುವವನು. ಹೀಗೆ ವಿದ್ಯುತ್ ಕೆಲಸದ ಆ ಮನುಷ್ಯ ಎಲ್ಲರ ಬಾಯಲ್ಲೂ ಮೂಗು ಮಿಸ್ತ್ರಿಯಾದ.

ಮನೆಗಳ ಛಾವಣಿಗೆ ಅಂಟಿಸುವ ಪ್ಲಾಸ್ಟರಿನ ಹೂಬಳ್ಳಿಗಳನ್ನು ತಯಾರಿಸುವ ಕಾರ್ಖಾನೆ ಅದು. ಮೇಲಿನ ಮಹಡಿಯಲ್ಲಿ ಕಲಸುವ ಯಂತ್ರ, ಅಚ್ಚುಗಳು; ಕೆಳಗೆ ಕಿಟಕಿಯಿಲ್ಲದ ಒಣಕೋಣೆ. ಬಿಳಿಯ ನಯವಾದ ಧೂಳು ಎಲ್ಲರ ಹುಬ್ಬು, ಮೀಸೆ, ತಲೆಗೂದಲಿನ ಮೇಲೆ ಕೂತು, ಇಪ್ಪತ್ತರವರನ್ನೂ ಅರವತ್ತರವರನ್ನೂ ಒಂದೇ ವಯಸ್ಸಿಗೆ ತಂದು ನಿಲ್ಲಿಸಿತ್ತು. ಒಣಕೋಣೆಯ ನಡುವೆ ಎರಡು ಚಕ್ರಗಳ ಮೇಲೆ, ಮಲಗಿಸಿದ ಪೀಪಾಯಿಯಂತೆ, ಆ ಹೀಟರ್. ಹಿಂದಿನಿಂದ ಗಾಳಿಯನ್ನು ಎಳೆದುಕೊಂಡು, ಕೆಂಪಗೆ ಕಾದ ಸುರುಳಿಗಳ ನಡುವೆ ಹಾಯಿಸಿ, ಮುಂದಕ್ಕೆ ಬಿಸಿಯಾಗಿ ಊದುವುದು ಅದರ ಕೆಲಸ.

ಅದನ್ನು ಅವನು ನೋಡಿಕೊಳ್ಳುತ್ತಿದ್ದ ರೀತಿಯನ್ನು ಕಂಡವರಿಗೆ ನಗುವೂ ಬರುತ್ತಿತ್ತು, ಗೌರವವೂ ಹುಟ್ಟುತ್ತಿತ್ತು. ವಾರಕ್ಕೊಮ್ಮೆ ಪ್ಲಗ್ ಕಳಚಿ, ಯಂತ್ರ ಪೂರ್ತಿ ತಣ್ಣಗಾದ ಮೇಲೆ ಹಿಂಬದಿಯ ಜಾಲರಿ ಬಿಚ್ಚಿ, ಮೆತ್ತನೆಯ ಕುಂಚದಿಂದ ಧೂಳು ತೆಗೆಯುವನು. ತಂತಿಯ ಉದ್ದಕ್ಕೂ ಹೆಬ್ಬೆರಳಾಡಿಸಿ ಎಲ್ಲಿಯಾದರೂ ಸೀಳಿದೆಯೇ, ಮೆತ್ತಗಾಗಿದೆಯೇ ಎಂದು ಹುಡುಕುವನು. ನೆಲದ ಮೇಲೆ ಅದರ ಸುತ್ತ ಒಂದು ಮೀಟರು ದೂರಕ್ಕೆ ಹಳದಿ ಗೆರೆ ಎಳೆದಿದ್ದ. ಅದರೊಳಗೆ ಒಂದು ಚೀಲ, ಒಂದು ಕೈಗವಸು ಕಂಡರೂ ಊಟ ಬಿಟ್ಟು ಎದ್ದು ಬರುವನು. ಸಂಜೆ ಆರಿಸುವಾಗಲೂ ಒಂದು ಕ್ರಮವಿತ್ತು. ಮೊದಲು ಕಾವಿನ ಗುಂಡಿಯನ್ನು ಮಾತ್ರ ಆರಿಸಿ ಫ್ಯಾನನ್ನು ಓಡಲು ಬಿಡಬೇಕು. ಸುರುಳಿಯಲ್ಲಿ ಉಳಿದ ಬಿಸಿ ಹೊರಗೆ ಹೋಗಿ ಯಂತ್ರ ತಣಿದ ಮೇಲೆಯೇ ಪೂರ್ತಿ ಆರಿಸಬೇಕು.

ಈ ಎಚ್ಚರದ ಹಿಂದೆ ಒಂದು ಪಶ್ಚಾತ್ತಾಪವಿತ್ತು. ಯೌವನದಲ್ಲಿ ಬೇರೊಂದು ಕಾರ್ಖಾನೆಯಲ್ಲಿ, ಯಾರೋ ಹೀಟರಿನ ಬೆನ್ನ ಮೇಲೆ ಒದ್ದೆ ಗೋಣಿಯನ್ನು ಒಣಗಲು ಹಾಕಿದ್ದನ್ನು ಅವನು ಕಂಡಿದ್ದ. ಕಂಡೂ, ಹಾಕಿದವರೇ ತೆಗೆಯುತ್ತಾರೆ ಎಂದು ಸುಮ್ಮನೆ ದಾಟಿ ಹೋಗಿದ್ದ. ಅರ್ಧ ಗಂಟೆಯಲ್ಲಿ ಗೋಣಿ ಹೊತ್ತಿಕೊಂಡಿತು. ಅದನ್ನು ಎಳೆಯಲು ಹೋದ ಹಿರಿಯ ಕೆಲಸಗಾರನ ಎರಡು ಕೈಗಳೂ ಬೆಂದವು. ಅಂದು ದೇವರ ಮುಂದೆ ಅವನು ಮಾಡಿದ ಹರಕೆ ಒಂದೇ: ಇನ್ನು ಮುಂದೆ ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ, ಯಾರ ಮುಖವನ್ನೂ ನೋಡುವುದಿಲ್ಲ. ಹರಕೆ ಒಳ್ಳೆಯದೇ. ಆದರೆ ಕಣ್ಣು ಕಾಣುವುದು ಎಷ್ಟು ಸ್ವಲ್ಪ ಎಂಬುದನ್ನು ಅವನು ಅದರಲ್ಲಿ ಸೇರಿಸಿರಲಿಲ್ಲ.

ಮೂರು ವಾರಗಳಿಂದ ಹೀಟರ್ ಕೈಕೊಡತೊಡಗಿತ್ತು. ಕೆಲವು ದಿನ ಬೆಳಿಗ್ಗೆ ಫ್ಯಾನ್ ತಿರುಗುತ್ತಿತ್ತು, ಆದರೆ ಗಾಳಿ ತಣ್ಣಗೆ. ಒಳಗಿನ ಕಾವು ಮಿತಿಮೀರಿದಾಗ ಸುರುಳಿಗಳಿಗೆ ತಾನಾಗಿಯೇ ವಿದ್ಯುತ್ ಕಡಿಯುವ ಕಟ್‌ಔಟ್ ಒಂದಿರುತ್ತದೆ, ಅದು ಟ್ರಿಪ್ ಆಗಿ ಬಿದ್ದಿರುತ್ತಿತ್ತು. ಹಿಂಬದಿಯ ಸಣ್ಣ ರಂಧ್ರದೊಳಗಿನ ಗುಂಡಿಯನ್ನು ಒತ್ತಿದರೆ ಮತ್ತೆ ಕೂರುತ್ತಿತ್ತು. ಯಾಕೆ ಬೀಳುತ್ತದೆ? ಮಿಸ್ತ್ರಿ ಬಿಚ್ಚಿದ, ಒರೆಸಿದ, ಮೀಟರು ಹಿಡಿದ, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿದ. ಯಂತ್ರ ನಿರ್ದೋಷಿ.

ಯಂತ್ರ ನಿರ್ದೋಷಿಯಾದ ಮೇಲೆ ದೋಷಿ ಮನುಷ್ಯನೇ ಆಗಬೇಕು. ಆ ಯೋಚನೆ ಬಂದ ಗಳಿಗೆಯಿಂದ ಮಿಸ್ತ್ರಿಯ ನಿದ್ದೆ ಹಾರಿಹೋಯಿತು. ರಂಧ್ರದ ಅಂಚನ್ನು ದೀಪ ಹಿಡಿದು ನೋಡಿದ. ಬಣ್ಣ ಕೆರೆದು ಲೋಹ ಮಿನುಗುವ ಹೊಸ ಗೀರುಗಳು. ಅವನ ಕೈಯಿಂದ ಆದವಲ್ಲ. ಅವನು ಅಲ್ಲಿಗೆ ಮರದ ಕಡ್ಡಿಯನ್ನಷ್ಟೇ ಬಳಸುತ್ತಿದ್ದ.

ಅಷ್ಟರಲ್ಲಿ ಒಂದು ಇಡೀ ಸಭಾಂಗಣಕ್ಕೆ ಕಳಿಸಿದ ಹೂಬಳ್ಳಿಗಳು ಒಳಗೆ ಹಸಿಯಾಗಿಯೇ ಉಳಿದು, ಬಿರುಕುಬಿಟ್ಟು ಹಿಂದಿರುಗಿದವು. ಯಜಮಾನಿತಿ ಮಿಸ್ತ್ರಿಯನ್ನು ಕರೆದಳು. ಅವಳು ಕೂಗುವವಳಲ್ಲ, ಅದೇ ಹೆಚ್ಚು ಭಯ.

"ಹೀಟರಲ್ಲಿ ಏನೂ ತೊಂದರೆ ಇಲ್ಲ ಅಂತೀರಿ."

"ಇಲ್ಲಮ್ಮ. ಯಾರೋ ಕೈ ಹಾಕ್ತಿದ್ದಾರೆ."

"ಹಾಗಾದ್ರೆ ಶನಿವಾರದೊಳಗೆ ಯಾರು ಅಂತ ಹೇಳಿ. ಯಾರೇ ಆಗ್ಲಿ, ಮನೆಗೆ ಕಳಿಸ್ತೀನಿ. ಹೇಳೋಕಾಗ್ಲಿಲ್ಲ ಅಂದ್ರೆ ನೀವೇ ಹೊರಡಿ."

ಅಂದಿನಿಂದ ಅವನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದ. ಯಾರಾದರೂ ಒಣಕೋಣೆಯ ಕಡೆ ತಿರುಗಿದರೆ ಅವನ ಕತ್ತೂ ತಿರುಗುತ್ತಿತ್ತು. ಕೆಮ್ಮಿದರೆ ಸಂಕೇತ, ಪಿಸುಗುಟ್ಟಿದರೆ ಪಿತೂರಿ, ಸುಮ್ಮನಿದ್ದರೆ ಅದಕ್ಕಿಂತ ದೊಡ್ಡ ಪಿತೂರಿ. ಅವನ ಅನುಮಾನದಿಂದ ಹೊರಗಿದ್ದವಳು ಗುಡಿಸುವ ಅಜ್ಜಿ ಒಬ್ಬಳೇ. ತನಗೆ ಒಮ್ಮೆ ಹೇಳಿದ ಮಾತನ್ನು ಅವಳು ಮೀರಿದ್ದನ್ನು ಯಾರೂ ಕಂಡಿರಲಿಲ್ಲ. ಅವಳಿಗೇ ಗುಟ್ಟಾಗಿ ಕೇಳಿದ:

"ಅಜ್ಜಿ, ಸಂಜೆ ಹೊತ್ತು ಹೀಟರ್ ಹತ್ತಿರ ಯಾರಾದ್ರೂ ಸುಳೀತಾರಾ?"

"ಯಾರೂ ಇಲ್ಲಪ್ಪ. ನಾನೊಬ್ಬಳೇ."

ಬುಧವಾರ ಮನೆಗೆ ಹೊರಡುವ ಮುನ್ನ ಹಳದಿ ಗೆರೆಯೊಳಗೆ ಪ್ಲಾಸ್ಟರಿನ ಹುಡಿಯನ್ನು ಜರಡಿ ಹಿಡಿದು ತೆಳ್ಳಗೆ ಉದುರಿಸಿದ. ಗುರುವಾರ ಬೆಳಿಗ್ಗೆ ಗುಂಡಿ ತಿರುಗಿಸಿದಾಗ ಹೀಟರ್ ಬಿಸಿಯಾಗಿಯೇ ಊದಿತು, ಆದರೆ ಹುಡಿಯಲ್ಲಿ ಹೆಜ್ಜೆಗಳಿದ್ದವು. ಎಡಗಾಲಿನ ಚಪ್ಪಲಿಯ ಹಿಮ್ಮಡಿ ಒಂದು ಮಗ್ಗುಲಿಗೆ ಸವೆದಿತ್ತು. ಹಾಗೆ ವಾಲಿ ನಡೆಯುವವನು ಆ ಕಾರ್ಖಾನೆಯಲ್ಲಿ ಒಬ್ಬನೇ: ಭಾವ.

ಭಾವನ ಹಳೆಯ ಮಾತುಗಳು ಈಗ ಬೇರೆ ಬಣ್ಣದಲ್ಲಿ ಕಂಡವು. ಗ್ಯಾಸಿನ ಒಲೆ ತಂದರೆ ಬೇಗ ಒಣಗುತ್ತದೆ ಎಂದು ಯಜಮಾನಿತಿಗೆ ಎರಡು ಸಲ ಹೇಳಿದ್ದವನು ಅವನೇ. ಎಲ್ಲರಿಗಿಂತ ಮೊದಲು ಬೀಗ ತೆಗೆಸಿಕೊಂಡು ಒಳಗೆ ಬರುವವನೂ ಅವನೇ. ಮಧ್ಯಾಹ್ನ ಊಟದ ಬೆಂಚಿನ ಮೇಲೆ ಮಿಸ್ತ್ರಿ ಅವನ ಅಂಗಿಯ ಜೇಬನ್ನೇ ನೋಡುತ್ತಿದ್ದ. ಅಲ್ಲಿಂದ ಒಂದು ಸಪೂರ ಸ್ಕ್ರೂಡ್ರೈವರಿನ ಹಿಡಿ ಇಣುಕುತ್ತಿತ್ತು.

"ಅಚ್ಚು ಹೊಯ್ಯೋರಿಗೆ ಅದ್ಯಾಕೆ ಭಾವ?"

"ಹಲ್ಲು ಕೆದಕೋಕೆ" ಎಂದು ಭಾವ ಅಗಿಯುತ್ತಲೇ ಹೇಳಿದ. "ನೀನೇನು, ಈಗ ನನ್ನ ಜೇಬೂ ಮೂಸ್ತೀಯಾ?"

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಮಿಸ್ತ್ರಿ ನಗಲಿಲ್ಲ.

ಆ ರಾತ್ರಿಯ ಪ್ರಾರ್ಥನೆಯಲ್ಲಿ ಅವನು ದೇವರ ಮುಂದೆ ವಾದ ಮಾಡಿದನೇ ಹೊರತು ದೇವರ ಮಾತಿಗೆ ಕಿವಿಗೊಡಲಿಲ್ಲ. ಹೆಸರು ಹೇಳಿದರೆ ಅಕ್ಕನ ಸಂಸಾರಕ್ಕೆ ಆಧಾರವಿಲ್ಲ. ಹೇಳದಿದ್ದರೆ ತನ್ನದಕ್ಕಿಲ್ಲ, ಜೊತೆಗೆ ಆ ಹಳೆಯ ಬೆಂಕಿ ಮತ್ತೆ ಬರಬಹುದು. ಸ್ವಂತ ಲಾಭವೂ ಧರ್ಮವೂ ಒಂದೇ ದಿಕ್ಕಿಗೆ ಬೆರಳು ತೋರಿಸುವಾಗ ಮನುಷ್ಯನು ಇನ್ನೊಮ್ಮೆ ಯೋಚಿಸಬೇಕು. ಅವನು ಯೋಚಿಸಲಿಲ್ಲ. ಭಾವನನ್ನು ಪಕ್ಕಕ್ಕೆ ಕರೆದು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಶುಕ್ರವಾರ ಮಧ್ಯಾಹ್ನ ಯಜಮಾನಿತಿಯ ಕೋಣೆಗೆ ಹೋಗಿ ಭಾವನ ಹೆಸರು ಹೇಳಿದ.

"ನಿಮ್ಮ ಅಕ್ಕನ ಗಂಡ ಅಲ್ವಾ?" ಎಂದು ಅವಳು ಕೇಳಿದಳು.

"ಹೌದಮ್ಮ."

"ಖಾತ್ರೀನಾ?"

"ಖಾತ್ರಿ."

ಮೂರು ಗಂಟೆಗೆ ಭಾವ ತನ್ನ ಕರಣೆಗಳನ್ನು ಚೀಲಕ್ಕೆ ತುಂಬಿಕೊಂಡು ಮೆಟ್ಟಿಲಿಳಿದ. ಯಾರೊಡನೆಯೂ ಜಗಳವಾಡಲಿಲ್ಲ. ಮಿಸ್ತ್ರಿಯ ಪಕ್ಕದಿಂದಲೇ ಹಾದುಹೋದ. ಗೋಡೆಯ ಪಕ್ಕದಿಂದ ಹೋದ ಹಾಗೆ.

ಪ್ರತಿದಿನ ಸಂಜೆ ಮಿಸ್ತ್ರಿಗೆ ಒಂದು ಕ್ರಮವಿತ್ತಲ್ಲ: ಹೀಟರಿನ ಕಾವನ್ನು ಆರಿಸಿ, ಫ್ಯಾನನ್ನು ಓಡಲು ಬಿಟ್ಟು, ಮೇಲಿನ ಮಹಡಿಗೆ ಹೋಗಿ ಕಲಸುವ ಯಂತ್ರದ ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಹಾಕಿ, ಕಾಲು ಗಂಟೆಯಲ್ಲಿ ಇಳಿದು ಬರುವುದು. ಆ ಶುಕ್ರವಾರವೂ ಮೇಲಕ್ಕೆ ಹೋದ. ಹೊಯ್ಯುವವನೇ ಇಲ್ಲದ ಕಾರಣ ಕಲಸುವುದನ್ನು ಮಧ್ಯಾಹ್ನವೇ ನಿಲ್ಲಿಸಿ ಅಲ್ಲಿಯವರೇ ಪೆಟ್ಟಿಗೆಗೆ ಬೀಗ ಹಾಕಿದ್ದರು. ಮಾಡಲು ಕೆಲಸವಿಲ್ಲದೆ ತಕ್ಷಣ ಹಿಂದಿರುಗಿದ.

ಒಣಕೋಣೆಯ ಬಾಗಿಲಲ್ಲಿ ಅವನ ಕಾಲು ನಿಂತುಬಿಟ್ಟಿತು. ಗುಡಿಸುವ ಅಜ್ಜಿ ಗೋಡೆಯ ಸ್ವಿಚ್ಚನ್ನು ಆರಿಸಿದಳು. ಎರಡು ಕೈಯಿಂದ ಪ್ಲಗ್ಗನ್ನು ಹಿಡಿದು, ತಂತಿಯನ್ನು ಎಳೆಯದೆ, ನೇರವಾಗಿ ಕಿತ್ತಳು. ಫ್ಯಾನು ನಿಂತಿತು. ಪ್ಲಗ್ಗನ್ನು ಒಣ ಹಲಗೆಯ ಮೇಲಿಟ್ಟು, ಹೀಟರಿನ ಸುತ್ತ ನಿಧಾನವಾಗಿ ಗುಡಿಸತೊಡಗಿದಳು. ಗಾಳಿ ನಿಂತ ಯಂತ್ರದೊಳಗೆ ಸುರುಳಿಗಳ ಬಿಸಿ ಹೊರಬರಲು ದಾರಿಯಿಲ್ಲದೆ ತುಂಬಿಕೊಳ್ಳುತ್ತಿತ್ತು. ಸ್ವಲ್ಪ ಹೊತ್ತಿಗೆ ಒಳಗೆ ಟಕ್ ಎಂದಿತು. ಆ ಸದ್ದು ಮಿಸ್ತ್ರಿಗೆ ತನ್ನ ಎದೆಯಲ್ಲೇ ಕೇಳಿಸಿತು: ಕಟ್‌ಔಟ್ ಬಿದ್ದಿತ್ತು.

ಅಜ್ಜಿ ಗುಡಿಸಿ ಮುಗಿಸಿ, ಪ್ಲಗ್ಗನ್ನು ಸಿಕ್ಕಿಸಿ, ಸ್ವಿಚ್ಚು ಹಾಕಿದಳು. ಫ್ಯಾನು ಮೊದಲಿನಂತೆ ತಿರುಗಿತು. ದಿನವೂ ಅವನು ಮೇಲಿನಿಂದ ಬಂದು ಕಾಣುತ್ತಿದ್ದದ್ದು ಈ ತಿರುಗುವ ಫ್ಯಾನನ್ನೇ.

"ಅಜ್ಜಿ" ಎಂದ ಮಿಸ್ತ್ರಿ. "ಪ್ಲಗ್ ಯಾಕೆ ತೆಗೆದ್ರಿ?"

"ನೀನೇ ಹೇಳಿದ್ಯಲ್ಲಪ್ಪ, ಮೂರು ವಾರದ ಹಿಂದೆ. ಫ್ಯಾನ್ ತಿರುಗ್ತಿರೋವಾಗ ಪೊರಕೆ ತಗೊಂಡು ಹೋದೆ ಅಂತ ನನ್ನ ಮೇಲೆ ಎಷ್ಟು ಕೂಗಿದೆ. ಸ್ವಿಚ್ ಆರಿಸಿ, ಪ್ಲಗ್ ತೆಗ್ದು, ಆಮೇಲೆ ಗುಡಿಸು, ಮತ್ತೆ ಇದ್ದ ಹಾಗೇ ಹಾಕು ಅಂದೆ. ಒಂದು ದಿನಾನೂ ತಪ್ಪಿಸಿಲ್ಲ ನಾನು."

ಅವಳ ಮುಖದಲ್ಲಿ ಶಹಬ್ಬಾಸ್‌ಗಾಗಿ ಕಾಯುವ ಸಣ್ಣ ಹೆಮ್ಮೆಯಿತ್ತು. ಮಿಸ್ತ್ರಿ ನೇರವಾಗಿ ಯಜಮಾನಿತಿಯ ಕೋಣೆಗೆ ನಡೆದ.

ಯಜಮಾನಿತಿ ಎಲ್ಲವನ್ನೂ ಕೇಳಿ ಕನ್ನಡಕ ತೆಗೆದಳು. "ಆದ್ರೆ ನಿಮ್ಮ ಭಾವಾನೂ ಒಪ್ಪಿಕೊಂಡ್ರಲ್ಲ. ಗುಂಡಿ ಮುಟ್ಟಿದ್ದೀರಾ ಅಂದೆ. ಮುಟ್ಟಿದ್ದೀನಿ ಅಂದ್ರು. ಯಾಕೆ ಅಂದೆ. ನನ್ನ ಹೆಸರು ಹೇಳಿದೋರನ್ನೇ ಕೇಳಿ ಅಂದ್ಬಿಟ್ರು."

"ಅದು ನನಗೂ ಗೊತ್ತಿಲ್ಲಮ್ಮ. ಆದ್ರೆ ಹೀಟರ್ ಕೆಡಿಸಿದ್ದು ನನ್ನ ಮಾತು. ಕಳಿಸೋದಿದ್ರೆ ನನ್ನ ಕಳಿಸಿ."

"ನಾಳೆ ಏಳು ಗಂಟೆಗೆ ಅವರು ಅಚ್ಚಿನ ಮುಂದೆ ಇರ್ಬೇಕು. ಅವರು ಬರಲ್ಲ ಅಂದ್ರೆ ನೀವೂ ಬರ್ಬೇಡಿ" ಎಂದಳು ಅವಳು.

ಅಕ್ಕನ ಮನೆಯ ಬಾಗಿಲು ಅರ್ಧ ತೆರೆದಿತ್ತು. ತಮ್ಮನನ್ನು ಕಂಡ ಅಕ್ಕ ಅದನ್ನು ಪೂರ್ತಿ ತೆರೆಯಲಿಲ್ಲ.

"ಬಾರಪ್ಪ. ಇಲ್ಲಿ ಏನಾದ್ರೂ ಸುಟ್ಟ ವಾಸನೆ ಬರ್ತಿದ್ಯಾ ನೋಡೋಕೆ ಬಂದ್ಯಾ?"

ಒಳಗೆ ಭಾವ ಮುರಿದ ಕುರ್ಚಿಯೊಂದಕ್ಕೆ ಕಾಲು ಕೂರಿಸುತ್ತಿದ್ದ. ಮಿಸ್ತ್ರಿ ನಿಂತೇ ಎಲ್ಲವನ್ನೂ ಹೇಳಿದ, ಅಜ್ಜಿಯಿಂದ ಹಿಡಿದು ಹುಡಿ ಉದುರಿಸಿದ್ದರವರೆಗೆ. ಹೇಳಿ ಮುಗಿಸಿ, ಕೊನೆಗೂ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದ:

"ಗುಂಡಿ ಯಾಕೆ ಒತ್ತುತ್ತಿದ್ರಿ ಭಾವ?"

"ಬೆಳಿಗ್ಗೆ ನಿನಗಿಂತ ಮೊದಲು ಬಂದು ಹಾಕಿ ನೋಡಿದ್ರೆ ತಣ್ಣಗೆ ಊದ್ತಿತ್ತು. ನೀನು ಬಂದು ನೋಡಿದ್ರೆ ಇಡೀ ದಿನ ಬಿಚ್ಚಿಟ್ಕೊಂಡು ಕೂರ್ತೀಯ, ಆ ಯಮ್ಮ ನಿನ್ನ ಕರೆಸಿ ಕೇಳ್ತಾಳೆ. ಒತ್ತಿದೆ, ಬಿಸಿ ಬಂತು, ಮತ್ತೆ ಆರಿಸಿಟ್ಟೆ. ನಾನು ತಡವಾಗಿ ಬಂದ ದಿನ ನಿನ್ನ ಕೈಗೆ ಸಿಗ್ತಿತ್ತು."

"ನನಗೆ ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ನಂಬ್ತಿದ್ಯಾ?"

ನಂಬುತ್ತಿದ್ದೆ ಎಂದು ಸುಳ್ಳು ಹೇಳಲು ಮಿಸ್ತ್ರಿಗೆ ಬರಲಿಲ್ಲ. ಎಲ್ಲ ಬಿಟ್ಟು, ಅವನ ಬಾಯಿಂದ ಬಂದ ಮಾತು ಇದು: "ಆದ್ರೂ ಭಾವ, ಕಾರಣ ಗೊತ್ತಾಗದೆ ಆ ಗುಂಡಿ ಒತ್ತಬಾರ್ದು. ಒಳಗೆ ನಿಜವಾಗ್ಲೂ ದೋಷ ಇದ್ದಿದ್ರೆ ಬೆಂಕಿ ಹತ್ತಿಕೊಳ್ತಿತ್ತು. ಅದೂ ಪ್ಲಗ್ ತೆಗೀದೆ, ಕಬ್ಬಿಣದ ಸ್ಕ್ರೂಡ್ರೈವರ್ ಹಾಕಿ."

ಅಕ್ಕ ಗಂಡನ ಮುಖ ನೋಡಿದಳು. "ಕೇಳಿದ್ರಾ? ಕ್ಷಮೆ ಕೇಳೋಕೆ ಬಂದು ಪಾಠ ಹೇಳ್ತಿದ್ದಾನೆ."

"ಹೇಳಲಿ ಬಿಡು. ಅದೊಂದು ಅವನಿಗೆ ಸರಿಯಾಗಿ ಗೊತ್ತಿರೋದು." ಭಾವ ಕುರ್ಚಿಯ ಕಾಲನ್ನು ಅಲುಗಿಸಿ ನೋಡಿದ. "ನೀನು ನನ್ನ ಹೆಸರು ಹೇಳಿದ್ದಕ್ಕೆ ನನಗೆ ಅಷ್ಟು ಬೇಜಾರಿಲ್ಲ. ಇಪ್ಪತ್ತು ವರ್ಷ ಒಂದೇ ಬೆಂಚಲ್ಲಿ ಉಂಡು, ಒಂದು ಮಾತು ಕೇಳ್ದೆ ಹೇಳಿದ್ಯಲ್ಲ, ಅದು."

"ತಪ್ಪಾಯ್ತು ಭಾವ."

"ಇಲ್ಲಿ ನಮ್ಮ ಮೂರು ಜನದ ಮುಂದೆ ಬೇಡ. ನಾಳೆ ಎಲ್ಲರ ಮುಂದೆ ಹೇಳು. ಕೆಲಸಕ್ಕೆ ಬರ್ತೀನಿ."

ಶನಿವಾರ ಏಳು ಗಂಟೆಗೆ, ಕಲಸುವ ಯಂತ್ರ ಶುರುವಾಗುವ ಮುನ್ನ, ಮಿಸ್ತ್ರಿ ಮೇಲಿನ ಮಹಡಿಯಲ್ಲಿ ಎಲ್ಲರೆದುರು ನಿಂತ. ಬಿಳಿಯ ಧೂಳು ಇನ್ನೂ ಯಾರ ಮುಖಕ್ಕೂ ಹತ್ತಿರಲಿಲ್ಲ. ಪ್ರತಿಯೊಬ್ಬರ ಕಣ್ಣೂ ಸ್ಪಷ್ಟವಾಗಿ ಕಾಣುತ್ತಿತ್ತು. ನನ್ನ ಅನುಮಾನ ಸುಳ್ಳು, ಯಂತ್ರ ತಣಿದ ಮೇಲೆ ಎಂದು ಹೇಳದ ನನ್ನ ಅಪ್ಪಣೆಯೇ ಅರೆಬರೆ, ಭಾವನ ಮೇಲೆ ಹೊರಿಸಿದ್ದು ಅನ್ಯಾಯ ಎಂದು ಒಂದೊಂದಾಗಿ ಹೇಳಿದ. ಅಜ್ಜಿಯ ತಪ್ಪಿಲ್ಲ ಎಂಬುದನ್ನು ಎರಡು ಸಲ ಹೇಳಿದ. ಭಾವ ತಲೆಯೆತ್ತದೆ ಅಚ್ಚುಗಳಿಗೆ ಎಣ್ಣೆ ಸವರುತ್ತ ಕೇಳಿಸಿಕೊಂಡ.

ಅಂದಿನಿಂದ ಸಂಜೆ ಫ್ಯಾನು ಓಡುವಷ್ಟು ಹೊತ್ತೂ ಮಿಸ್ತ್ರಿ ಹೀಟರಿನ ಬಳಿಯೇ ಕೂರುತ್ತಾನೆ. ಯಂತ್ರ ತಣಿದ ಮೇಲೆ ತಾನೇ ಪ್ಲಗ್ ತೆಗೆದು ಅಜ್ಜಿಯನ್ನು ಕರೆಯುತ್ತಾನೆ. ಕಲಸುವ ಯಂತ್ರದ ಬೀಗವನ್ನು ಭಾವ ಹಾಕುತ್ತಾನೆ. ಬೆಳಿಗ್ಗೆ ಏನಾದರೂ ಕಂಡರೆ ಭಾವ ಬಂದು ಹೇಳುತ್ತಾನೆ, ಹೇಳಿದ್ದನ್ನು ಮಿಸ್ತ್ರಿ ನಂಬುತ್ತಾನೆ. ಆದರೆ ಮಧ್ಯಾಹ್ನ ಭಾವ ಊಟಕ್ಕೆ ಕೂರುವುದು ಇನ್ನೂ ಬೆಂಚಿನ ಆಚೆ ತುದಿಯಲ್ಲಿ. ಯಾವಾಗ ಈಚೆಗೆ ಬರುತ್ತೀರಿ ಎಂದು ಮಿಸ್ತ್ರಿ ಕೇಳುವುದಿಲ್ಲ. ತನ್ನ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗವನ್ನು ಒರೆಸಿ ಬಿಟ್ಟು, ಊಟದ ಡಬ್ಬಿ ತೆರೆಯುತ್ತಾನೆ.