ಲ್ಯಾಮಿನೇಷನ್ ಮಾಡಿಸಿದ ನಾರ್ಮಲ್ಲು

ನಾಟಕ ಮಾಡ್ತಾಳೆ ಅಂತ ಮೂರು ವರ್ಷ ನನ್ನನ್ನು ಆಡಿಕೊಂಡರು. ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ.

ಎಂಟನೇ ಕ್ಲಾಸಿನಲ್ಲಿ ಖೋಖೋ ಆಡುವಾಗ ಮೊದಲ ಸಲ ಬಿದ್ದೆ. ಓಡುತ್ತಿದ್ದ ಹಾಗೇ ಎದೆ ಹಿಂಡಿ ಕಣ್ಣಿಗೆ ಕತ್ತಲೆ ಕಟ್ಟಿತು. ಅಪ್ಪ ಹೊಸನಗರದಲ್ಲಿ ಡಾಕ್ಟರಿಗೆ ತೋರಿಸಿದರು. ಅವರು ಮಲಗಿಸಿ ಇಸಿಜಿ ತೆಗೆದು, "ನಾರ್ಮಲ್ ಇದೆ, ಗ್ಯಾಸ್ ಇರ್ಬೇಕು" ಅಂತ ಚೀಟಿ ಬರೆದುಕೊಟ್ಟರು.

ನಮ್ಮ ಕಡೆ ಕಾಗದ ಅಂದರೆ ದೇವರು. ಪಹಣಿ, ಮಾರ್ಕ್ಸ್ ಕಾರ್ಡು, ಯಾವುದಕ್ಕೂ ಬೂಷ್ಟು ಹಿಡಿಯಬಾರದು, ಲ್ಯಾಮಿನೇಷನ್ ಆಗಲೇಬೇಕು. ಅಪ್ಪ ನನ್ನ ಇಸಿಜಿಯನ್ನೂ ಚೀಟಿಯನ್ನೂ ಜೆರಾಕ್ಸ್ ಅಂಗಡಿಗೆ ಒಯ್ದರು. ಬಿಸಿ ತಾಗಿ ಇಸಿಜಿ ಕಾಗದ ಇಡೀ ಕರ್ರಗಾಯಿತು. ಚೀಟಿಯ 'ನಾರ್ಮಲ್' ಮಾತ್ರ ಫಳಫಳ ಉಳಿಯಿತು. ಅದನ್ನೇ ತಂದು ಶಾಲೆಯ ಪಿ.ಟಿ. ಮೇಷ್ಟ್ರಿಗೆ ಕೊಟ್ಟರು.

ಅಲ್ಲಿಗೆ ಮುಗಿಯಿತು ನನ್ನ ಕಥೆ. "ಎದೆ ನೋಯ್ತದೆ ಸಾರ್" ಅಂದರೆ ಮೇಷ್ಟ್ರು ಮೇಜಿನ ಡ್ರಾ ಎಳೆದು ಆ ಪ್ಲಾಸ್ಟಿಕ್ ಎತ್ತಿ ತೋರಿಸುವರು. "ನೋಡು, ನಾರ್ಮಲ್ ಅಂತ ಬರ್ದಿದೆ. ನಡಿ, ಇನ್ನೆರಡು ರೌಂಡು!" ಮನೆಯಲ್ಲಿ ಅಮ್ಮನೂ "ಎಂತಾ ಸೋಮಾರಿನೇ ನೀನು" ಎನ್ನುವಳು. ಹುಡುಗಿ ಕಣ್ಣೆದುರೇ ಬೀಳುತ್ತಿದ್ದಾಳೆ, ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಕಾಗದಕ್ಕಿದ್ದ ಬೆಲೆ ನನ್ನ ಬಾಯಿಗಿರಲಿಲ್ಲ.

ಹತ್ತನೇ ಕ್ಲಾಸಿನಲ್ಲಿ ತೀರ್ಥಹಳ್ಳಿಯ ಕ್ರೀಡಾಕೂಟದಲ್ಲಿ ಬಿದ್ದವಳು ಎಷ್ಟು ನೀರು ಹೊಡೆದರೂ ಬೇಗ ಏಳಲಿಲ್ಲ. ಆಗ ಅಪ್ಪ ಹೆದರಿ ಸಾಗರಕ್ಕೆ ಕರೆದೊಯ್ದರು. ಅಪ್ಪ ಹಳೆಯ ಇಸಿಜಿ ವಿಷಯ ಹೇಳಿದ ಮೇಲೆ ಅಲ್ಲಿ ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಕೇಳಿದ್ದು ಒಂದೇ ಪ್ರಶ್ನೆ.

"ನೋವು ಮಲಗಿದಾಗ ಬರುತ್ತಾ, ಓಡುವಾಗ್ಲಾ?"

"ಓಡುವಾಗ ಮಾತ್ರ."

"ಮತ್ತೆ ಮಲಗ್ಸಿ ಇಸಿಜಿ ತೆಗೆದ್ರೆ ಎಂತ ಸಿಗುತ್ತೆ?" ಅಂತ ಅಪ್ಪನ ಕಡೆ ತಿರುಗಿದರು. ಇಷ್ಟನ್ನು ಕೇಳಲು ಮೂರು ವರ್ಷ ಯಾರಿಗೂ ಬಾಯಿ ಬಂದಿರಲಿಲ್ಲ!

ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಎಂಆರ್‌ಐ ಸುರಂಗದೊಳಗೆ, ಢಬಢಬ ಸದ್ದಿನ ನಡುವೆ, ಹೇಳಿದಾಗಲೆಲ್ಲ ಉಸಿರು ಬಿಗಿಹಿಡಿದೆ. ಚಿತ್ರದಲ್ಲಿ ಸಿಕ್ಕಿತು. ಹೃದಯಕ್ಕೇ ರಕ್ತ ಕೊಡುವ ನಾಳವೊಂದು ಹುಟ್ಟಿನಿಂದಲೇ ತಪ್ಪು ಜಾಗದಲ್ಲಿ ಹೊರಟು, ಎರಡು ದೊಡ್ಡ ರಕ್ತನಾಳಗಳ ಸಂದಿಯಲ್ಲಿ ಹಾದುಹೋಗಿತ್ತು. ಓಡಿದಾಗ ಅಮುಕಿಹೋಗುತ್ತಿತ್ತು.

"ಇವಳನ್ನ ಓಡಿಸ್ತಿದ್ರಾ? ಬದುಕಿದ್ದೇ ಹೆಚ್ಚು" ಎಂದರು ಅಲ್ಲಿನ ಡಾಕ್ಟರು.

ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಮೇಷ್ಟ್ರು ಮೂಸಂಬಿ ಹಿಡಿದುಕೊಂಡು ನೋಡಲು ಬಂದರು. "ಅಲ್ಲ ಮಾರಾಯ್ತಿ, ಮೊದ್ಲೇ ಒಂದು ಮಾತು ಹೇಳ್ಬಾರ್ದಿತ್ತಾ?"

ಹೊಲಿಗೆ ಹಾಕಿದ್ದ ಎದೆ ಧಗ್ ಅಂತು.

"ಹೇಳಿದ್ದೆ ಸಾರ್. ಮೂರು ವರ್ಷ ಹೇಳಿದ್ದೆ. ನೀವು ಡ್ರಾದಲ್ಲಿರೋ ಕಾಗದದ ಮಾತು ಕೇಳ್ತಿದ್ರಿ."