ಜಮಾದಾರರ ಮೂರು ಪಟ್ಟಿ

ಕಾರಿನ ಮುಂದಿನ ಗಾಜಿಗೆ ನೀಲಿ ಕಾಗದ ಅಂಟಿಸಿದ್ದು ತಪ್ಪು ಎಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಒಂದು ತಪ್ಪನ್ನು ಒಪ್ಪಿಕೊಳ್ಳಲಿದ್ದೇನೆ, ಆದರೆ ಅದು ಕಾಗದದ ತಪ್ಪಲ್ಲ. ಎರಡನ್ನೂ ಕೂಡಿಸಿ ಓದಿ, ಮುದುಕನಿಗೆ ಕಡೆಗಾಲದಲ್ಲಿ ಕಾನೂನಿನ ಮೇಲೆ ಭಕ್ತಿ ಹುಟ್ಟಿತು ಎಂದು ಯಾರೂ ತಿಳಿಯಬಾರದು.

ಎಪ್ಪತ್ತರ ದಶಕದಲ್ಲಿ ಇಂಡಿಯ ಬಸ್ ನಿಲ್ದಾಣದ ಎದುರು ಬಾಡಿಗೆಗೆ ನಿಲ್ಲುತ್ತಿದ್ದ ಕಾರುಗಳು ನಾಲ್ಕೋ ಐದೋ. ಅದರಲ್ಲಿ ನನ್ನದೊಂದು, ಯಾರೋ ಓಡಿಸಿ ಬಿಟ್ಟಿದ್ದ ಅಂಬಾಸಿಡರ್. ಮೆಟ್ರಿಕ್ ಪಾಸಾಗಿ ಎಲ್ಲೂ ಕಾರಕೂನನ ಕೆಲಸ ಸಿಗದೆ ಸ್ಟೇರಿಂಗ್ ಹಿಡಿದವನು ನಾನು. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿಗೆ ಕರೆದರೂ ಹೋಗುತ್ತಿದ್ದೆ. ಕಷ್ಟವೆಂದರೆ ಮರಳಿ ಬರುವುದು. ಸಿಂದಗಿಯಿಂದ ಇಳಿಮಧ್ಯಾಹ್ನ ಹೊರಟರೆ ತಾಂಬಾ ದಾಟುವ ಹೊತ್ತಿಗೆ ಸೂರ್ಯ ಸರಿಯಾಗಿ ಸ್ಟೇರಿಂಗಿನ ಮೇಲೆ ಬಂದು ಕೂರುತ್ತಿದ್ದ. ಎರಡೂ ಕಡೆ ಕಪ್ಪು ಎರೆಭೂಮಿ, ನಡುವೆ ಸುಣ್ಣ ಬಳಿದಂಥ ಬಿಳಿ ರಸ್ತೆ. ಕಣ್ಣು ಕಿರಿದು ಮಾಡಿ ಮಾಡಿ ರಾತ್ರಿ ಊಟಕ್ಕೆ ಕೂತಾಗ ತಟ್ಟೆಯಲ್ಲಿಯೂ ಬಿಸಿಲೇ ಕಾಣುತ್ತಿತ್ತು. ಒಂದು ಬೇಸಿಗೆ, ಜೋಳದ ಕಣಿಕಿ ಹೇರಿಕೊಂಡು ಎದುರು ಬಂದ ಎತ್ತಿನ ಗಾಡಿ ಕಾಣದೆ ಅದರ ನೊಗಕ್ಕೆ ಕಾರಿನ ಕನ್ನಡಿ ತಾಗಿಸಿದೆ. ಎತ್ತಿನ ಕಣ್ಣಿಗೂ ನನ್ನ ಗಾಜಿಗೂ ಒಂದು ಗೇಣು ಅಂತರ ಉಳಿದಿತ್ತು. ಗಾಡಿಯವನು ಇಳಿದು ಬಂದು ಕೇಳಿದ: "ಕಣ್ಣ ಅದಾವೋ, ಮನ್ಯಾಗ ಬಿಟ್ಟ ಬಂದಿಯೋ?"

ಮರುದಿನವೇ ಮದುವೆ ಚಪ್ಪರದ ದೀಪಗಳಿಗೆ ಸುತ್ತುವ ನೀಲಿ ಜಿಲೇಟಿನ್ ಕಾಗದ ತಂದೆ. ಗೋಂದನ್ನು ತೆಳ್ಳಗೆ ಕಲಸಿ, ಗಾಜಿನ ಒಳಮೈಗೆ ಅಂಟಿಸಿ, ಬಾಚಣಿಗೆಯ ಬೆನ್ನಿನಿಂದ ಗುಳ್ಳೆ ಒತ್ತಿ ತೆಗೆದೆ. ನನ್ನ ಎದುರಿಗೆ ಒಂದು ಗೇಣಿನಷ್ಟು ಜಾಗದಲ್ಲಿ ಒಂದೇ ಪದರ, ಉಳಿದ ಕಡೆ ಎರಡು ಪದರ. ಅಕ್ಕಪಕ್ಕದ ಗಾಜುಗಳಿಗೂ ಹಿಂದಿನದಕ್ಕೂ ಅಂಟಿಸಿದೆ. ಒಳಗೆ ಕೂತರೆ ಬಾವಿಯೊಳಗೆ ಇಳಿದಷ್ಟು ತಂಪು.

ಬಿಸಿಲಿನ ಕಾರಣ ಅರ್ಧ ನಿಜ. ಇನ್ನರ್ಧ ಗತ್ತು. ಬಣ್ಣದ ಗಾಜಿನ ಕಾರು ಆಗ ದೊಡ್ಡ ಗುತ್ತಿಗೆದಾರರಿಗೆ ಬಿಟ್ಟರೆ ಯಾರಿಗೂ ಇರಲಿಲ್ಲ. ಮುಸ್ಸಂಜೆಯಾದರೆ ಆ ಕಾಗದದಿಂದ ಏನೂ ಕಾಣದೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಓಡಿಸಬೇಕಾಗುತ್ತಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ಆದರೂ ಗಾಜು ನಿಚ್ಚಳವಾಗಿರಬೇಕು ಎಂದು ನಿಯಮ ಬರೆದವನು ಒಂದು ದಿನ, ಒಂದೇ ದಿನ, ವೈಶಾಖದಲ್ಲಿ ತಾಂಬಾದಿಂದ ಇಂಡಿಗೆ ಪಡುವಣಕ್ಕೆ ಮುಖ ಮಾಡಿ ಓಡಿಸಲಿ. ಆಮೇಲೆ ಬಂದು ನನಗೆ ಬುದ್ಧಿ ಹೇಳಲಿ.

ನನಗೆ ಬುದ್ಧಿ ಹೇಳುತ್ತಿದ್ದವರು ಇಂಡಿ ಠಾಣೆಯ ಜಮಾದಾರರು, ಅಂದರೆ ಹೆಡ್ ಕಾನ್‌ಸ್ಟೇಬಲ್. ತೋಳಿನ ಮೇಲೆ ಮೂರು ಪಟ್ಟಿ, ಇಸ್ತ್ರಿ ಮುರಿಯದ ಖಾಕಿ ಅಂಗಿ. ಕಾರುಗಳ ನಡುವೆ ನಿಂತು ಗಂಟೆಗಟ್ಟಲೆ ಮಾತಾಡಿದರೂ ನಮ್ಮ ಕೈಯಿಂದ ಒಂದು ಕಪ್ ಚಹಾ ಮುಟ್ಟುತ್ತಿರಲಿಲ್ಲ. ಮೊದಲ ದಿನ ನನ್ನ ಗಾಜನ್ನು ಉಗುರಿನಿಂದ ಕೆರೆದು ನೋಡಿದರು.

"ಕಾರಿಗೆ ಕಣ್ಬ್ಯಾನಿ ಬಂದೈತೇನಪಾ? ತಂಪಿನ ಚಾಳೀಸ ಹಾಕೀದಿ?"

"ನನಗ ಬಂದೈತ್ರಿ. ಬಿಸಲ ತಡಿಯಂಗಿಲ್ರಿ."

"ಹಂಗಾದ್ರ ನಿನ್ನ ಕಣ್ಣಿಗೆ ಹಾಕ್ಕೊ. ಇದನ್ನ ತಗಿ. ಕಾಯ್ದೆದಾಗ ಇಲ್ಲ."

ನಾನು ತೆಗೆಯಲಿಲ್ಲ. ಅವರೇ ಒಂದು ದಿನ ಕಿತ್ತರು. ನಾನು ಮರುದಿನ ಮತ್ತೆ ಅಂಟಿಸಿದೆ. ಅವರು ಮತ್ತೆ ಕಿತ್ತರು. ನಿಲ್ದಾಣದವರಿಗೆಲ್ಲ ಅದೊಂದು ಆಟವಾಯಿತು. ಸೋಲುವ ಮನುಷ್ಯ ನಾನಲ್ಲ ಎಂದು ನಾನೂ ಎದೆಯುಬ್ಬಿಸಿದೆ.

ಆಟ ಬದಲಾದದ್ದು ಅಡತಿ ವ್ಯಾಪಾರಿಯ ಮನೆಯ ಹಿರಿಯಮ್ಮ ನನ್ನ ಕಾರು ಕರೆಸಿದ ದಿನ. ಇಂಡಿಯಲ್ಲಿ ತಲೆತಲಾಂತರದಿಂದ ಇದ್ದ ಮುಸ್ಲಿಂ ಮನೆತನ ಅದು. ಅವರ ಹೆಣ್ಣುಮಕ್ಕಳು ಗೋಷಾ ಪಾಲಿಸುತ್ತಿದ್ದರು, ಪರಗಂಡಸರ ಕಣ್ಣಿಗೆ ಬೀಳುತ್ತಿರಲಿಲ್ಲ. ಹಿರಿಯಮ್ಮನೂ ಇಬ್ಬರು ಸೊಸೆಯರೂ ಹಿಂದೆ ಕೂತಿದ್ದರು. ಜಮಾದಾರರು ಕಾರು ನಿಲ್ಲಿಸಿ ಕಾಗದ ಕೀಳಲು ಬಾಗಿಲ ಹಿಡಿಗೆ ಕೈ ಹಾಕಿದರು.

"ಒಳಗ ಗೋಷಾ ಅದಾರ್ರಿ," ಎಂದೆ.

ಬೆಂಕಿ ತಾಗಿದಂತೆ ಅವರು ಕೈ ತೆಗೆದರು. ಕಾರಿಗೆ ಬೆನ್ನು ಮಾಡಿ ನಿಂತು, "ಹೋಗು, ಹೋಗು," ಎಂದರು. ನಮ್ಮ ಕಡೆ ಇದು ಕಾಯ್ದೆಗಿಂತ ಹಳೆಯ ಮರ್ಯಾದೆ. ಗೋಷಾ ಎಂದ ಮೇಲೆ ಇಣುಕಿ ನೋಡುವವನನ್ನು ಮನುಷ್ಯರ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ನಾನು ಆ ಮರ್ಯಾದೆಯನ್ನು ಹಿಡಿದುಕೊಂಡೆ. ಅಂದಿನಿಂದ ಕಾರಿನಲ್ಲಿ ಯಾರಿದ್ದರೂ, ಯಾರೂ ಇಲ್ಲದಿದ್ದರೂ, ಜಮಾದಾರರ ಕೈ ಮೇಲೆದ್ದರೆ ಸಾಕು, "ಗೋಷಾ ಅದಾರ್ರಿ" ಎನ್ನುತ್ತಿದ್ದೆ. ಅವರು ಬೆನ್ನು ತಿರುಗಿಸುತ್ತಿದ್ದರು. ಒಮ್ಮೆ ಹಿಂದಿನ ಸೀಟಿನಲ್ಲಿ ಎರಡು ಹೋತಗಳಿದ್ದವು. ನಾನು ಗೋಷಾ ಎನ್ನುವುದಕ್ಕೂ ಒಂದು ಹೋತ ಒದರುವುದಕ್ಕೂ ಸರಿಹೋಯಿತು. ಜಮಾದಾರರು ತಿರುಗಲಿಲ್ಲ. ಹಾಗೇ ರಸ್ತೆ ನೋಡುತ್ತ, "ಹೆಣ್ಮಕ್ಕಳಿಗೆ ನೀರ ಕುಡಸಪಾ, ಗಂಟಲ ಒಣಗೇತಿ," ಎಂದರು. ನಿಲ್ದಾಣದಲ್ಲಿ ಇದನ್ನು ಹೇಳಿ ವಾರಗಟ್ಟಲೆ ನಕ್ಕೆವು. ಸುಳ್ಳಿರಬಹುದು ಎಂದು ತಿಳಿದೂ, ನಿಜವಿದ್ದರೆ ಎಂಬ ಒಂದೇ ಅನುಮಾನಕ್ಕೆ ಅವರು ತಿರುಗುತ್ತಿರಲಿಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಎಮರ್ಜೆನ್ಸಿ ಬಂತು. ಸರಕಾರಿ ನೌಕರರೆಲ್ಲ ಮೈಯೆಲ್ಲ ಕಣ್ಣಾಗಿದ್ದ ಕಾಲ. ಮೋಟಾರು ಗಾಡಿ ತಪಾಸಣೆಯ ಅಧಿಕಾರಿಯನ್ನು ನಮ್ಮಲ್ಲಿ ಬ್ರೇಕ್ ಇನ್ಸ್‌ಪೆಕ್ಟರ್ ಎನ್ನುತ್ತೇವೆ. ಅಂಥವರೊಬ್ಬರು ಹೊಸದಾಗಿ ಬಂದವರು, ಝಳಕಿಯ ಹೆದ್ದಾರಿಯಲ್ಲಿ ನಿಂತಿದ್ದರು. ಜೊತೆಗೆ ನಮ್ಮ ಜಮಾದಾರರನ್ನು ಕರೆದುಕೊಂಡಿದ್ದರು. ನನ್ನ ಕಾರಿನಲ್ಲಿ ಆ ದಿನ ಕನ್ನೊಳ್ಳಿಯ ನಾಲ್ವರು ರೈತರು, ಸೊಲ್ಲಾಪುರದ ಕಡೆ ಎತ್ತು ನೋಡಲು ಹೊರಟವರು. ದೂರದಿಂದ ಜಮಾದಾರರು ಕೈ ಮಾಡಿದ್ದು ಮಾತ್ರ ಕಂಡಿತು. ಬ್ರೇಕ್ ಇನ್ಸ್‌ಪೆಕ್ಟರ್ ಜೀಪಿನ ಆ ಕಡೆ ಇದ್ದರು.

"ಗೋಷಾ ಅದಾರ್ರಿ," ಎಂದೆ.

ಜಮಾದಾರರು ಬೆನ್ನು ತಿರುಗಿಸಿ, "ಹೋಗು," ಎಂದರು. ಜೀಪಿನ ಹಿಂದಿನಿಂದ ಸಾಹೇಬರು ಬಂದು ಬಾಗಿಲು ತೆಗೆದೇಬಿಟ್ಟರು. ಒಳಗೆ ನಾಲ್ಕು ರುಮಾಲು, ನಾಲ್ಕು ಜೊತೆ ಮೀಸೆ. ಅವರಲ್ಲಿ ಹಿರಿಯ, ಬಾಯೊಳಗಿನ ಎಲೆ ಅಡಿಕೆ ಒಂದು ಕಡೆ ಸರಿಸಿ, "ನಾವ್ ಗೋಷಾ ಅಲ್ರೀ ಸಾಹೇಬ್ರ, ಕನ್ನೊಳ್ಳಿಯವ್ರು," ಎಂದ.

ಸಾಹೇಬರು ನಗಲಿಲ್ಲ. ನನ್ನ ಗಾಜಿನ ಕಾಗದವನ್ನೆಲ್ಲ ಕೀಳಿಸಿ ದಂಡ ಹಾಕಿದರು. ಆಮೇಲೆ ಜಮಾದಾರರನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು: "ಎಷ್ಟು ದಿನದಿಂದ ಇವನನ್ನ ಹೀಗೆ ಬಿಡ್ತಾ ಇದ್ದೀಯ? ಏನು ಕೊಡ್ತಾನೆ?"

"ಏನೂ ಇಲ್ರಿ. ಗೋಷಾ ಅಂದ, ನಾ ನೋಡಲಿಲ್ರಿ."

ಹದಿನೈದು ದಿನದಲ್ಲಿ ಜಮಾದಾರರು ಸಸ್ಪೆಂಡ್ ಆದರು. ಲಂಚ ತಿಂದು ಕಾನೂನು ಬಾಹಿರ ಗಾಡಿ ಬಿಟ್ಟರು ಎಂಬ ಆರೋಪ. ವಿಚಾರಣೆಗೆ ಬಿಜಾಪುರದಿಂದ ದೊಡ್ಡ ಅಧಿಕಾರಿ ಇಂಡಿಗೇ ಬಂದರು. ಲಂಚದ ಮಾತಿಗೆ ನಾನೊಬ್ಬನೇ ಸಾಕ್ಷಿ. ನಾನು ಹೇಳಬೇಕಾಗಿದ್ದದ್ದು ಎರಡೇ ಮಾತು: ನಾನು ಸುಳ್ಳು ಹೇಳಿದೆ, ಅವರು ನನ್ನಿಂದ ಏನೂ ಪಡೆದಿಲ್ಲ. ಆದರೆ ಪೊಲೀಸರಿಗೆ ಸುಳ್ಳು ಹೇಳಿದೆ ಎಂದು ಬರೆದುಕೊಟ್ಟರೆ ಪರ್ಮಿಟ್ ಹೋಗುತ್ತದೆ ಎಂದು ನಿಲ್ದಾಣದ ಗೆಳೆಯರು ಹೆದರಿಸಿದ್ದರು. ನಾನು ಹೆದರಿದೆ.

ಜಮಾದಾರರು ಗೋಡೆಗೆ ಆನಿಸಿದಂತೆ ನಿಂತಿದ್ದರು. ನನ್ನನ್ನು ಒಂದೇ ಸಲ ನೋಡಿದರು. ಬೇಡುವ ನೋಟವಲ್ಲ. ಹೇಳು ನೋಡೋಣ ಎಂಬ ನೋಟ.

ಅಧಿಕಾರಿ ಕೇಳಿದರು, "ಇವರು ನಿನ್ನ ಗಾಡಿ ಯಾಕೆ ಬಿಡ್ತಿದ್ರು?"

"ನನಗೇನ ಗೊತ್ರಿ. ಅವರು ಬಿಟ್ರು, ನಾ ಹೋದೆ."

ಕಾರಕೂನ ಬರೆದುಕೊಂಡ. ನಾನು ಸಹಿ ಮಾಡಿದೆ. ನನ್ನ ಅಕ್ಷರ ಆಗ ಬಲು ಚೆಂದವಿತ್ತು.

ಲಂಚ ರುಜುವಾತಾಗಲಿಲ್ಲ, ಆದರೆ ಕರ್ತವ್ಯಲೋಪ ಎಂದರು. ತೋಳಿನ ಮೂರು ಪಟ್ಟಿ ಕಿತ್ತು, ಸಾದಾ ಪೇದೆ ಮಾಡಿ, ಬಸವನ ಬಾಗೇವಾಡಿಗೆ ಹಾಕಿದರು. ಊರು ಮಾತ್ರ ಲಂಚವೆಂದೇ ತಿಳಿಯಿತು. ಅವರ ಮಗ ಸಾಲೆಯಲ್ಲಿ ಯಾರದೋ ಮೂಗು ಒಡೆದನೆಂದು ಕೇಳಿದೆ. ಯಾಕೆಂದು ವಿಚಾರಿಸಲಿಲ್ಲ.

ನಾನು ಗಾಜಿಗೆ ಮತ್ತೆ ನೀಲಿ ಕಾಗದ ಅಂಟಿಸಿದೆ.

ಆ ಬೇಸಿಗೆಯಲ್ಲಿ ಅಡತಿ ಮನೆಯ ಹಿರಿಯಮ್ಮ ಮುದ್ದೇಬಿಹಾಳದ ಮಗಳ ಮನೆಗೆ ಹೊರಟರು, ಇಬ್ಬರು ಸೊಸೆಯರೊಂದಿಗೆ. ಬಾಗೇವಾಡಿ ಮುಟ್ಟಿದಾಗ ಮಟಮಟ ಮಧ್ಯಾಹ್ನ. ಬಸ್ ನಿಲ್ದಾಣದ ಬಳಿ ರಸ್ತೆಯ ನಡುವೆ ಒಬ್ಬ ಪೇದೆ ಕೈ ಎತ್ತಿದ. ಹತ್ತಿರ ಹೋದಾಗ ಗುರುತು ಸಿಕ್ಕಿತು. ಅದೇ ಇಸ್ತ್ರಿ, ತೋಳು ಮಾತ್ರ ಬರಿದು.

ಬಾಯಿಗೆ ರೂಢಿಯಾಗಿತ್ತು. "ಗೋಷಾ ಅದಾರ್ರಿ," ಎಂದೆ.

ಅವರು ನನ್ನ ಮುಖ ನೋಡಿದರು, ಕಾರು ನೋಡಿದರು. ಮತ್ತೆ ಬೆನ್ನು ತಿರುಗಿಸಿದರು. ಅಷ್ಟೆಲ್ಲ ಆದಮೇಲೂ.

ಹಿಂದಿನಿಂದ ಹಿರಿಯಮ್ಮ ಕೇಳಿದರು, "ಏ ತಮ್ಮಾ, ಇವ್ರು ಇಂಡ್ಯಾಗ ಇದ್ದ ಜಮಾದಾರ್ರಲ್ಲ? ಝಳಕ್ಯಾಗ ಇವ್ರು ಸಿಕ್ಕಬಿದ್ದ ದಿನಾನೂ ಹಿಂಗನ ಅಂದಿದ್ದೇನ ನೀ?"

ನಾನು ಗೇರ್ ಹಾಕಲು ಹೋದೆ. ಅಷ್ಟರಲ್ಲಿ ಬಾಗಿಲು ತೆಗೆದ ಸಪ್ಪಳ. ಹಿರಿಯಮ್ಮ ರಸ್ತೆಗೆ ಇಳಿದಿದ್ದರು. ಬುರ್ಖಾದ ಮುಖಪರದೆಯನ್ನು ತಲೆಯ ಮೇಲೆ ಎತ್ತಿ ಹಾಕಿಕೊಂಡರು. ಅಷ್ಟು ವರ್ಷ ಅವರನ್ನು ಕೂರಿಸಿಕೊಂಡು ತಿರುಗಿದ್ದ ನಾನು ಅವರ ಮುಖ ನೋಡಿದ್ದು ಅದೇ ಮೊದಲು.

"ಜಮಾದಾರ್ರ, ಈ ಕಡೆ ತಿರಗ್ರಿ. ನಾ ನಿಮ್ಮ ತಾಯಿ ವಯಸ್ಸಿನಾಕಿ."

"ಈಗ ಜಮಾದಾರ ಅಲ್ರೀ ಅಮ್ಮಾ," ಎಂದರು ಅವರು, ತಿರುಗದೆ. "ಬಿಸಲ ಭಾಳ ಐತಿ, ಒಳಗ ಕುಂದರ್ರಿ."

ಹಿರಿಯಮ್ಮ ನನ್ನ ಕಡೆ ಬಂದರು. "ಈ ಮನಷ್ಯಾಗ ಏನರೆ ಕೊಟ್ಟಿದ್ದೇನು?"

"ಇಲ್ರೀ ಅಮ್ಮಾರ."

"ಚಾ ಆದ್ರೂ?"

"ಚಾನೂ ಕುಡೀತಿರಲಿಲ್ರಿ."

"ಹಂಗಾರ ಪಟ್ಟಿ ಯಾಕ ಹೋದ್ವು?"

ನಿಲ್ದಾಣದ ಮಂದಿ ಕೂಡತೊಡಗಿದ್ದರು.

"ನನ್ನ ಬುರ್ಖಾದಾಗ ಹೊಕ್ಕೊಂಡ ಕುಂತಿದ್ದೀ ಅಲ್ಲೋ, ಇಷ್ಟ ದಿನ! ನಾ ನನ್ನ ಮರ್ಯಾದಿಗೆ ಹೊತಗೊಂಡಿದ್ದು, ನಿನ್ನ ಕಳ್ಳತನಕ್ಕಲ್ಲ. ನಾಳೆ ಬಿಜಾಪುರಕ್ಕ ಹೋಗು. ಇದ್ದದ್ದ ಇದ್ದಂಗ ಹೇಳು."

ಮಂದಿಯ ಮುಂದೆ ಬೈಸಿಕೊಂಡ ಸಿಟ್ಟು ನನ್ನ ನೆತ್ತಿಗೇರಿತು. "ಹೇಳಂಗಿಲ್ರಿ," ಎಂದೆ. "ಪರ್ಮಿಟ್ ಹೋದ್ರ ನೀವು ಕೊಡಸ್ತೀರೇನು? ನಾ ಹೇಳಂಗಿಲ್ಲ. ಏನ ಮಾಡ್ತೀರಿ, ಮಾಡ್ರಿ."

ಜಮಾದಾರರ ಬೆನ್ನು ನನಗೆ ಮೂರು ಮೊಳ ದೂರದಲ್ಲಿತ್ತು. ಅವರು ಪ್ರತಿಯೊಂದು ಮಾತನ್ನೂ ಕೇಳಿದರು. ಅದುವರೆಗೆ ನಾನು ಹೆದರಿ ಸುಮ್ಮನಿದ್ದವನು, ಅಷ್ಟೇ ಎನ್ನಬಹುದಿತ್ತು. ಅಲ್ಲಿ ಅವರ ಎದುರಿಗೇ ಸೆಟೆದು ನಿಂತು, ಹೇಳುವುದಿಲ್ಲ ಎಂದೆ.

ಹಿರಿಯಮ್ಮ ಸೊಸೆಯರಿಗೆ, "ಇಳೀರಿ ಬೇ," ಎಂದರು. ಆ ಮನೆಯ ಹೆಣ್ಣುಮಕ್ಕಳು ಅದುವರೆಗೆ ಸಾರ್ವಜನಿಕರ ಬಸ್ ಹತ್ತಿದವರಲ್ಲ. ಮುದ್ದೇಬಿಹಾಳದ ಕೆಂಪು ಬಸ್ ಬಂದಾಗ ಜಮಾದಾರರು ಕೈ ಎತ್ತಿ ಅದನ್ನು ನಿಲ್ಲಿಸಿದರು, ಕಂಡಕ್ಟರನಿಗೆ ಹೇಳಿ ಮುಂದಿನ ಸೀಟು ಬಿಡಿಸಿದರು, ಅವರು ಹತ್ತುವಾಗ ಮತ್ತೆ ಮುಖ ಆ ಕಡೆ ಮಾಡಿದರು. ಕಿಟಕಿಗಳಿಗೆ ಗಾಜೇ ಇಲ್ಲದ ಬಸ್ಸು. ಬಟ್ಟಂಬಯಲಿನಲ್ಲಿ ಕೂತಂತೆ ಕೂತು ಮೂವರೂ ಹೋದರು.

ಅಂದು ಸಂಜೆ ಕಾಗದ ಕಿತ್ತೆಸೆದೆ ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ. ನಾನು ಕೀಳಲಿಲ್ಲ. ಮುಂದಿನ ಬೇಸಿಗೆಗೆ ಅದೇ ಬಿಳಚಿ, ಗರಿಗರಿಯಾಗಿ ಉದುರಿತು. ಆ ಮನೆಯವರು ಮತ್ತೆ ನನ್ನನ್ನು ಕರೆಯಲಿಲ್ಲ. ಬಿಜಾಪುರಕ್ಕೆ ಬಾಡಿಗೆ ಹೋದಾಗಲೆಲ್ಲ ಪೊಲೀಸ್ ಕಚೇರಿಯ ಮುಂದೆಯೇ ಹಾದುಹೋಗುತ್ತಿದ್ದೆ. ಒಮ್ಮೆ ನಿಲ್ಲಿಸಿ ಎಂಜಿನ್ ಬಂದ್ ಮಾಡಿದ್ದೂ ಉಂಟು. ಕೆಳಗೆ ಇಳಿಯಲಿಲ್ಲ. ಜಮಾದಾರರು ಪೇದೆಯಾಗಿಯೇ ನಿವೃತ್ತರಾದರು, ಈಗ ಅವರಿಲ್ಲ. ಹಿರಿಯಮ್ಮನೂ ಇಲ್ಲ. ನನ್ನ ಪರ್ಮಿಟ್ಟೂ ಕಾರೂ ಎಂದೋ ಮುಗಿದುಹೋದವು.

ಜಮಾದಾರರ ಮಗ ಎಲ್ಲಿದ್ದಾನೋ ತಿಳಿಯದು. ಅವನಿಗೂ ಈಗ ಮೊಮ್ಮಕ್ಕಳಿರಬೇಕು. ಅಪ್ಪನ ಬಗ್ಗೆ ಮನಸ್ಸಿನಲ್ಲಿ ಏನಿಟ್ಟುಕೊಂಡಿದ್ದಾನೋ, ಅದನ್ನು ಅಲ್ಲಿ ಇಟ್ಟದ್ದು ನನ್ನ ಸಹಿ. ಇದು ಅವನ ಕಣ್ಣಿಗೆ ಬಿದ್ದರೆ ಒಂದೇ ಮಾತು: ನನ್ನನ್ನು ಕ್ಷಮಿಸು ಎಂದು ಕೇಳುತ್ತಿಲ್ಲ, ಕ್ಷಮಿಸಬೇಡ. ಕೆಳಗಿನದನ್ನು ಮಾತ್ರ ಓದು. ಅಂದು ಇಂಡಿಯಲ್ಲಿ ಕೊಡಬೇಕಾಗಿದ್ದ ಹೇಳಿಕೆ.

ನಾನು ಬಾಡಿಗೆ ಕಾರಿನ ಡ್ರೈವರ್. ನನ್ನ ಕಾರಿನ ಗಾಜಿಗೆ ನಾನೇ ಕಾಗದ ಅಂಟಿಸಿದ್ದು. ತೆಗೆಯಲು ಜಮಾದಾರರು ಹಲವು ಸಲ ಹೇಳಿದರು, ತಾವೇ ಕಿತ್ತರು. ಒಳಗೆ ಗೋಷಾ ಹೆಣ್ಣುಮಕ್ಕಳಿದ್ದಾರೆ ಎಂದು ನಾನು ಪದೇ ಪದೇ ಸುಳ್ಳು ಹೇಳಿದೆ. ಇಣುಕಿ ನೋಡುವ ಮನುಷ್ಯ ಅವರಲ್ಲದ ಕಾರಣ ನನ್ನನ್ನು ಬಿಟ್ಟರು. ಅವರು ನನ್ನಿಂದ ಏನನ್ನೂ ಪಡೆದಿಲ್ಲ, ಒಂದು ಕಪ್ ಚಹಾ ಕೂಡ. ಓದಿ ನೋಡಿದ್ದೇನೆ, ಸರಿಯಾಗಿದೆ.