ಬೆಂಗ್ರೆಯಲ್ಲಿ ನನಗಿದ್ದ ಗೆಳತಿ

ಮಂಗಳೂರಿಗೆ ಬಂದ ಮೊದಲ ನಾಲ್ಕು ತಿಂಗಳು ನಾನು ಊರು ಸುತ್ತಿದ್ದೆಲ್ಲ ಇನ್‌ಲ್ಯಾಂಡ್ ಕಾಗದದ ಮೇಲೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಇಪ್ಪತ್ತೆರಡು. ಬಿಜಾಪುರದ ಕಡೆಯ ಹಳ್ಳಿಯಿಂದ ಇಲ್ಲಿನ ಒಂದು ಸರ್ಕಾರಿ ಕಚೇರಿಗೆ ಟೈಪಿಸ್ಟ್ ಆಗಿ ಬಂದಿದ್ದೆ. ಅಲ್ಲೂ ಕನ್ನಡವೇ, ಹೆದರಬೇಡ ಎಂದು ಹೇಳಿ ಕಳಿಸಿದ್ದರು. ಬಂದು ನೋಡಿದರೆ ಬಸ್ಸಿನಲ್ಲಿ ತುಳು, ಅಂಗಡಿಯಲ್ಲಿ ಕೊಂಕಣಿ, ಬಂದರಿನಲ್ಲಿ ಬ್ಯಾರಿ. ಕನ್ನಡವನ್ನು ನನ್ನಂಥವರು ಎದುರಾದಾಗ ಮಾತ್ರ ಟ್ರಂಕಿನಿಂದ ತೆಗೆಯುತ್ತಿದ್ದರು, ಅದೂ ಇಸ್ತ್ರಿ ಹಾಕಿದ ಕನ್ನಡ. ನಾನು ಪರದೇಶಕ್ಕೇ ಬಂದಿದ್ದೆ.

ಮಳೆ ಬೇರೆ. ಭಾನುವಾರ ಬಂದರೆ ಕಂಬಳಿ ಹೊದ್ದು ಮಲಗುತ್ತಿದ್ದೆ. ಆದರೆ ಊರಿನಲ್ಲಿ ನನ್ನನ್ನು ಮಗಳಂತೆ ಸಾಕಿದ ದೊಡ್ಡವ್ವ ಕಾಯುತ್ತಿರುತ್ತಾಳೆ. ಅವಳಿಗೆ ಓದು ಬರದು. ನನ್ನ ಪತ್ರವನ್ನು ಸಾಲಿ ಮಾಸ್ತರರು ಕಟ್ಟೆಯ ಮೇಲೆ ಕೂತು ಓದಿ ಹೇಳುತ್ತಿದ್ದರು, ಅರ್ಧ ಓಣಿ ಕೇಳುತ್ತಿತ್ತು. ಇಷ್ಟು ಜನ ಕೇಳುವಾಗ ಮಲಗಿದ್ದೆ ಎಂದು ಬರೆಯುವುದು ಹೇಗೆ? ಕದ್ರಿ ಗುಡ್ಡ ಹತ್ತಿದೆ ಎಂದು ಬರೆದೆ. ಸುಲ್ತಾನ್ ಬತ್ತೇರಿಯ ಮೇಲಿಂದ ಹಡಗು ನೋಡಿದೆ ಎಂದು ಬರೆದೆ. ಒಂದು ವಾರ ಉತ್ಸಾಹ ಹೆಚ್ಚಾಗಿ, ನದಿಯಾಚೆ ಬೆಂಗ್ರೆ ಎಂಬಲ್ಲಿ ಮೀನುಗಾರರ ಹೆಂಗಸೊಬ್ಬಳು ನನ್ನ ಜೀವದ ಗೆಳತಿಯಾಗಿದ್ದಾಳೆ, ದೋಣಿ ಹುಟ್ಟು ಹಾಕಲು ಕಲಿಸಿದ್ದಾಳೆ ಎಂದೂ ಬರೆದುಬಿಟ್ಟೆ. ಬೆಂಗ್ರೆ ಎಂಬ ಹೆಸರನ್ನು ನಾನು ಬಸ್ಸಿನಲ್ಲಿ ಕೇಳಿದ್ದೆ, ಅಷ್ಟೇ.

ಮಳೆ ನಿಂತ ಕೂಡಲೇ ದೊಡ್ಡವ್ವ ಬಂದಿಳಿದಳು. ಬಿಜೈ ಬಸ್ ನಿಲ್ದಾಣದಲ್ಲಿ ಅವಳ ಕೈಯಲ್ಲಿ ದೊಡ್ಡ ಗಂಟು.

"ಇದ್ರಾಗ ಏನೈತಿ ದೊಡ್ಡವ್ವ?"

"ಕಟಕ್ ರೊಟ್ಟಿ, ಶೇಂಗಾ ಚಟ್ನಿ. ನಿನಗಲ್ಲವಾ, ಬೆಂಗ್ರಿಯಾಕಿಗೆ. ನಾಳೆ ಕರಕೊಂಡು ಹೋಗು."

ಆ ಸಂಜೆ ಮನೆಯ ಒಡತಿಯ ಅಡುಗೆಮನೆಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಅವರು ನಿವೃತ್ತ ಶಿಕ್ಷಕಿ, ತುಳು ಮಾತಾಡುವ ಅರ್ಚಕರ ಮನೆತನದವರು. ಅವರ ಮನೆಯ ಹಿಂಬದಿಯ ಕೋಣೆಯಲ್ಲೇ ನಾನು ಬಾಡಿಗೆಗಿದ್ದದ್ದು. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ. ಟೀಚರ್ ದೋಸೆ ಹಿಟ್ಟಿನ ಸೌಟು ಕೆಳಗಿಟ್ಟರು.

"ದೋಣಿ ಹುಟ್ಟು ಹಾಕಿದ್ದೂ ಉಂಟಾ ನೀನು?"

"ಪತ್ರದಲ್ಲಿ."

"ಒಳ್ಳೆ ಕತೆ ಮಾರಾಯ್ತಿ! ನಾನೂ ಬರ್ತೇನೆ. ನಲವತ್ತು ವರ್ಷ ಆಯ್ತು ಈ ಊರಿಗೆ ಮದುವೆಯಾಗಿ ಬಂದು, ಬೆಂಗ್ರೆ ನಾನೂ ನೋಡಿದ್ದಿಲ್ಲ. ಮೀನಿನ ವಾಸನೆ ಅಂತ ನಮ್ಮವರು ಆ ದಿಕ್ಕಿಗೇ ಬಿಟ್ಟದ್ದಿಲ್ಲ."

ಹೀಗೆ ಊರು ಗೊತ್ತಿಲ್ಲದ ಇಬ್ಬರು ಮೂರನೆಯವಳಿಗೆ ಊರು ತೋರಿಸಲು ಹೊರಟೆವು. ದೋಣಿ ಹತ್ತಬೇಕಾದ ಬಂದರಿನ ದಕ್ಕೆಗೆ ಹೋಗಲು ಮೂರು ಕಡೆ ದಾರಿ ಕೇಳಿದ್ದಾಯಿತು; ಪ್ರತಿ ಸಲವೂ ದೊಡ್ಡವ್ವನಿಗೆ, "ಗುರುತಿನವರು, ಮಾತಾಡಿಸಿ ಬಂದೆ" ಎಂದೆ. ದೋಣಿ ಏರಿದ ಮೇಲೆ ದೊಡ್ಡವ್ವ ನನ್ನನ್ನು ತಿವಿದಳು.

"ಹುಟ್ಟು ಹಾಕಿ ತೋರಸು."

ದೋಣಿಗೆ ಮೋಟಾರು ಇತ್ತು, ನಾನು ಬದುಕಿದೆ.

ಬೆಂಗ್ರೆಯ ಮರಳಿನಲ್ಲಿ ಇಳಿದಾಗ ಎಲ್ಲೆಲ್ಲೂ ಒಣಹಾಕಿದ ಮೀನು. ಟೀಚರ್ ಸೆರಗಿನಿಂದ ಮೂಗು ಮುಚ್ಚಿಕೊಂಡರು, ಕಣ್ಣನ್ನು ಮಾತ್ರ ಅರಳಿಸಿಕೊಂಡಿದ್ದರು. ಮನೆಯೊಂದರ ಮುಂದೆ ನಡುವಯಸ್ಸಿನ ಹೆಂಗಸೊಬ್ಬಳು ಬಲೆ ಹೆಣೆಯುತ್ತ ಒಬ್ಬಳೇ ಕೂತಿದ್ದಳು. ಮುಖ ಒಳ್ಳೆಯದಿತ್ತು. ನಾನು ಧೈರ್ಯ ಮಾಡಿ, "ಅಕ್ಕಾ!" ಎಂದು ಓಡಿದೆ.

ಅವಳು ಕಣ್ಣು ಕಿರಿದು ಮಾಡಿ, "ಏರ್ ಈರ್?" ಎಂದಳು.

"ಏನಂತಾಳ?" ಎಂದಳು ದೊಡ್ಡವ್ವ.

"ಬಾಳ ದಿನ ಆತು ಬಂದಿಲ್ಲ ಅಂತಾಳ."

ಟೀಚರ್ ಸೆರಗಿನೊಳಗೆ ಕೆಮ್ಮಿದರು. ಅವಳು ಕೇಳಿದ್ದು ನೀವು ಯಾರು ಎಂದು. ಟೀಚರ್ ಮುಂದೆ ಬಂದು ತುಳುವಿನಲ್ಲಿ ಏನೋ ಹೇಳಿದರು. ಹುಡುಗಿ ಸುಳ್ಳು ಬರೆದು ಸಿಕ್ಕಿಬಿದ್ದಿದ್ದಾಳೆ, ಒಂದು ಗಳಿಗೆ ಇವಳ ಗೆಳತಿಯಾಗು ಎಂದು ಹೇಳಿದ್ದಂತೆ, ಆಮೇಲೆ ತಿಳಿಯಿತು. ಆ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಗು ತಡೆದು, ದೊಡ್ಡವ್ವನಿಗೆ ಕೈ ಬೀಸಿ, "ಬಲೆ, ಬಲೆ" ಎಂದು ಕರೆದಳು.

ತುಳುವಿನಲ್ಲಿ ಹಾಗೆಂದರೆ ಬನ್ನಿ ಎಂದು. ದೊಡ್ಡವ್ವ ಅವಳ ಮಡಿಲಲ್ಲಿದ್ದ ಬಲೆಯನ್ನು ನೋಡಿ, "ಹೌದವಾ, ಛಲೋ ಐತಿ ಬಲೆ" ಎಂದು ಮುಟ್ಟಿ ಮುಟ್ಟಿ ಹೊಗಳಿದಳು. ಆ ಹೆಂಗಸು ಚಾಪೆ ಹಾಸಿ, "ಕುಳ್ಳುಲೆ" ಎಂದಳು. ಕೂತುಕೊಳ್ಳಿ ಎಂದರ್ಥ. ನಮ್ಮ ಕಡೆ ಕುಳ್ಳು ಎಂದರೆ ಬೆರಣಿ.

"ಕುಳ್ಳು ಕೇಳಾಕ್ಹತ್ಯಾಳಲ್ಲ! ಮೊದಲ ಹೇಳಿದ್ರ ಒಂದು ಚೀಲ ತರ್ತಿದ್ದೆ" ಎಂದು ದೊಡ್ಡವ್ವ ಮರುಗಿದಳು.

ಟೀಚರ್‌ಗೆ ಇನ್ನು ತಡೆಯಲಾಗಲಿಲ್ಲ. ತೆಂಗಿನ ಮರದ ಹಿಂದೆ ಹೋಗಿ ನಕ್ಕು ಬಂದರು.

ನನ್ನ ಗೆಳತಿಗೆ ಕನ್ನಡ ಬರುತ್ತಿತ್ತು, ಚೆನ್ನಾಗಿಯೇ. ಅದನ್ನು ಅವಳು ಸರಿಯಾದ ಸಮಯಕ್ಕೆ ಹೊರತೆಗೆದಳು. "ಕಳೆದ ಸಲ ಬಂದಾಗ ನನ್ನ ಬಲೆ ಹರಿದು ಹೋದದ್ದು ಯಾರು? ನೀನೇ ಅಲ್ವಾ? ಹೊಲಿದು ಕೊಡ್ತೇನೆ ಅಂತ ಹೇಳಿದ್ದು ಎಂತ ಆಯ್ತು?"

"ಮಾತು ಕೊಟ್ಟಿದ್ರ ಮಾಡು ಮತ್ತ" ಎಂದಳು ದೊಡ್ಡವ್ವ.

ನನ್ನ ಕೈಗೆ ಮರದ ಸೂಜಿಯೊಂದನ್ನು ಕೊಟ್ಟರು. ನೆತ್ತಿ ಸುಡುವ ಬಿಸಿಲಲ್ಲಿ ಕೂತು ನಾನು ಗಂಟು ಹಾಕುತ್ತಿದ್ದರೆ, ಮೂವರೂ ನೆರಳಲ್ಲಿ ಕೂತು ರೊಟ್ಟಿ ಮುರಿದು ತಿಂದರು. ನಾನು ಹಾಕಿದ ಗಂಟುಗಳನ್ನೆಲ್ಲ ಆ ಅಕ್ಕ ಮಾತಾಡುತ್ತಲೇ ಬಿಚ್ಚಿ ಹಾಕುತ್ತಿದ್ದಳು. "ಇವಳು ಮೊದಲು ಇದಕ್ಕಿಂತ ಚೆಂದ ಹೆಣೀತಿದ್ದಳು" ಎಂದು ಒಂದು ಮಾತು ಬೇರೆ.

ಆಮೇಲೆ ಅವಳೇ ನಮ್ಮನ್ನು ಮನೆಗಳ ಹಿಂದಕ್ಕೆ ಕರೆದೊಯ್ದಳು. ಒಂದು ದಿಬ್ಬ ಏರಿದೆವು, ಅದರಾಚೆ ಸಮುದ್ರ. ಲೈಟ್‌ಹೌಸ್ ಗುಡ್ಡದಿಂದ ನೀಲಿ ಗೆರೆಯಾಗಿ ಕಂಡದ್ದು ಬಿಟ್ಟರೆ ನಾನೂ ಅದನ್ನು ನೋಡಿದ್ದು ಅವತ್ತೇ. ಬಾಯಿ ತೆರೆಯುವಂತಿಲ್ಲ, ಹಳಬಳಂತೆ ನಿಲ್ಲಬೇಕು. ದೊಡ್ಡವ್ವ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ನೀರಿನ ಅಂಚಿಗೆ ಇಳಿದಳು. ಅಲೆಯೊಂದು ಬಂದು ಅವಳ ಇಲಕಲ್ ಸೀರೆಯ ಅಂಚು ನೆನೆಸಿ ಹೋಯಿತು.

"ಮಾಸ್ತರಗ ಇದನ್ನ ಓದಾಕ ಬಂದಿಲ್ಲ ಬಿಡವಾ" ಎಂದಳು. "ನಿನ್ನ ಕಾಗದದಾಗ ಇಷ್ಟು ಸಪ್ಪಳ ಇರಲಿಲ್ಲ."

ಅವಳಿಗೆ ನಿಜ ತಿಳಿದಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಕೇಳಲು ಧೈರ್ಯವಿರಲಿಲ್ಲ.

ದೊಡ್ಡವ್ವ ಊರಿಗೆ ಹೋದ ಮುಂದಿನ ಭಾನುವಾರ ಬೆಳಿಗ್ಗೆ ಯಾರೋ ನನ್ನ ಬಾಗಿಲು ತಟ್ಟಿದರು. ಟೀಚರ್, ಕೊಡೆ ಹಿಡಿದು, ಪಿನ್ ಹಾಕಿದ ಸೀರೆಯಲ್ಲಿ.

"ಏಳು. ತೊಕ್ಕೊಟ್ಟಿನ ಬಸ್ಸು ಉಂಟು. ಅಲ್ಲಿಂದ ಸೋಮೇಶ್ವರದ ಸಮುದ್ರಕ್ಕೆ ಹೋಗಬಹುದಂತೆ."

ನೇತ್ರಾವತಿ ಸೇತುವೆ ದಾಟಿ ತೊಕ್ಕೊಟ್ಟಿನಲ್ಲಿ ಇಳಿದೆವು. ಗಿಜಿಗುಡುವ ಪೇಟೆ, ಯಾವ ಕಡೆ ತಿರುಗಬೇಕೋ ಗೊತ್ತಿಲ್ಲ. ಟೀಚರ್ ಹಣ್ಣಿನ ಅಂಗಡಿಯವನ ಬಳಿ ಹೋಗಿ ಇಸ್ತ್ರಿ ಕನ್ನಡದಲ್ಲಿ ದಾರಿ ಕೇಳಿದರು.

"ಹೊಸಬರಾ? ಎಲ್ಲಿಂದ ಬಂದದ್ದು?" ಎಂದ ಅವನು.

ಟೀಚರ್ ನನ್ನತ್ತ ಒಮ್ಮೆ ನೋಡಿದರು. ಮತ್ತೆ ಅವನತ್ತ ತಿರುಗಿ, ಕಣ್ಣು ಮಿಟುಕಿಸದೆ, "ಬಿಜಾಪುರ" ಎಂದರು.

ಪಾಪ, ಅಷ್ಟು ದೂರದಿಂದ ಬಂದವರೆಂದು ಅವನು ಅಂಗಡಿ ಬಿಟ್ಟು ಬಂದು ನಮ್ಮನ್ನು ಸರಿಯಾದ ಬಸ್ಸಿಗೆ ಹತ್ತಿಸಿದ.